ಲಿನಕ್ಸ್‌ನಲ್ಲಿ ಹೋಮ್‌ಗೆ ಬೇರೆ ಪಾರ್ಟಿಷನ್ ಬೇಕೆ?

ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಡ್ರೈವ್‌ಗಳಿಲ್ಲ. ಎಲ್ಲ ಫೋಲ್ಡರ್‌ಗಳೂ ರೂಟ್ ಎಂಬ ಒಂದೇ ಬುಡದಿಂದ ಕವಲೊಡೆಯುತ್ತವೆ. ಬಳಕೆದಾರರ ದಾಖಲೆ, ಫೋಟೊ, ಹಾಡುಗಳು ಹೋಮ್ ಎಂಬ ಕವಲಿನಲ್ಲಿರುತ್ತವೆ. ಡಿಸ್ಕಿನ ಯಾವುದೇ ಪಾರ್ಟಿಷನ್ನನ್ನು ಯಾವುದೇ ಕವಲಿಗೆ ಮೌಂಟ್ ಮಾಡಬಹುದಾದ್ದರಿಂದ (ಅಂದರೆ ಜೋಡಿಸಬಹುದಾದ್ದರಿಂದ), ಹೋಮ್ ರೂಟ್‌ನ ಪಾರ್ಟಿಷನ್‌ನಲ್ಲೇ ಇದೆಯೋ ಬೇರೆಯದರಲ್ಲಿದೆಯೋ ಎಂಬುದು ದಿನನಿತ್ಯದ ಬಳಕೆಯಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಲಿನಕ್ಸನ್ನು ಮತ್ತೆ ಇನ್‌ಸ್ಟಾಲ್ ಮಾಡುವಾಗ ಮತ್ತು ಜಾಗ ಮುಗಿದಾಗ.

ಪ್ರತ್ಯೇಕ ಪಾರ್ಟಿಷನ್‌ನ ಮುಖ್ಯ ಲಾಭ ಮೊದಲನೆಯ ಸಂದರ್ಭದಲ್ಲಿ. ರೂಟನ್ನು ಮಾತ್ರ ಫಾರ್ಮ್ಯಾಟ್ ಮಾಡಿ, ಹೋಮ್ ಪಾರ್ಟಿಷನ್ನನ್ನು ಅಳಿಸದೆ ಮತ್ತೆ ಮೌಂಟ್ ಮಾಡಿದರೆ ಕಡತಗಳು ಇದ್ದಲ್ಲೇ ಉಳಿಯುತ್ತವೆ. ಇಲ್ಲಿ ಎರಡು ಎಚ್ಚರ ಅಗತ್ಯ. ಕಡತದ ಒಡೆಯ ಯಾರೆಂಬುದನ್ನು ಲಿನಕ್ಸ್ ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಮೊದಲ ಬಳಕೆದಾರರ ಸಂಖ್ಯೆ ಸಾಮಾನ್ಯವಾಗಿ 1000; ನಂತರದವರಿಗೆ ಖಾತೆ ತೆರೆದ ಕ್ರಮದಲ್ಲಿ ಮುಂದಿನ ಸಂಖ್ಯೆಗಳು. ಹಲವರು ಬಳಸುವ ಕಂಪ್ಯೂಟರ್‌ನಲ್ಲಿ ಖಾತೆಗಳನ್ನು ಹಿಂದಿನ ಕ್ರಮದಲ್ಲೇ ತೆರೆಯದಿದ್ದರೆ ಒಬ್ಬರ ಕಡತ ಇನ್ನೊಬ್ಬರ ಪಾಲಾಗಬಹುದು. ಎರಡನೆಯದಾಗಿ, ಚುಕ್ಕೆಯಿಂದ ಆರಂಭವಾಗುವ ಅಡಗಿದ ಸೆಟ್ಟಿಂಗ್ ಕಡತಗಳೂ ಹೋಮ್‌ನಲ್ಲೇ ಇರುತ್ತವೆ. ತಂತ್ರಾಂಶದ ಆವೃತ್ತಿ ಬದಲಾದಾಗ ಹಳೆಯ ಸೆಟ್ಟಿಂಗ್‌ಗಳು ತೊಡಕಾಗಬಹುದು.

ಜಾಗದ ವಿಷಯದಲ್ಲಿ ಲಾಭ, ನಷ್ಟ ಎರಡೂ ಇವೆ. ಪಾರ್ಟಿಷನ್ ಬೇರೆಯಾಗಿದ್ದರೆ ಬಳಕೆದಾರರ ವಿಡಿಯೊಗಳು ಎಷ್ಟೇ ತುಂಬಿಕೊಂಡರೂ ಸಿಸ್ಟಂನ ಜಾಗ ತಿನ್ನುವುದಿಲ್ಲ. ಆದರೆ ಗಡಿಯನ್ನು ಮೊದಲೇ ಹಾಕಬೇಕು. ರೂಟ್‌ಗೆ ಕಡಿಮೆ ಜಾಗ ಕೊಟ್ಟಿದ್ದರೆ ಹೋಮ್‌ನಲ್ಲಿ 100 ಜಿಬಿ ಖಾಲಿ ಬಿದ್ದಿದ್ದರೂ ಅಪ್‌ಡೇಟ್ ನಿಲ್ಲುತ್ತದೆ. ಎಲ್ಲ ಬಳಕೆದಾರರಿಗೂ ಹಾಕಿದ ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಆ್ಯಪ್‌ಗಳು ರೂಟ್‌ನ ಕಡೆಯೇ ಕೂರುವುದರಿಂದ ಈ ಇಕ್ಕಟ್ಟು ಅಪರೂಪವಲ್ಲ. ಆಮೇಲೆ ಗಡಿ ಸರಿಸುವುದೂ ಸುಲಭವಲ್ಲ: ಇಎಕ್ಸ್‌ಟಿ4 ಕಡತ ವ್ಯವಸ್ಥೆಯ ಪಾರ್ಟಿಷನ್ನನ್ನು ಕುಗ್ಗಿಸಬೇಕಾದರೆ ಅದನ್ನು ಮೊದಲು ಅನ್‌ಮೌಂಟ್ ಮಾಡಬೇಕು.

ಈ ತೊಡಕಿಗೆ ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಯ ಸಬ್‌ವಾಲ್ಯೂಮ್‌ಗಳು ಪರಿಹಾರ. ಒಂದೇ ಪಾರ್ಟಿಷನ್‌ನೊಳಗೆ ರೂಟ್ ಮತ್ತು ಹೋಮ್ ಬೇರೆ ಬೇರೆಯಾಗಿದ್ದರೂ ಖಾಲಿ ಜಾಗವನ್ನು ಹಂಚಿಕೊಳ್ಳುತ್ತವೆ. ಫೆಡೋರಾದ ಡೆಸ್ಕ್‌ಟಾಪ್ ಆವೃತ್ತಿಗಳು 2020ರಿಂದ ಇದನ್ನೇ ಪೂರ್ವನಿಯೋಜಿತವಾಗಿ ಬಳಸುತ್ತಿವೆ.

ಯಾವ ವಿಧಾನವೂ ಬ್ಯಾಕಪ್‌ಗೆ ಬದಲಿಯಲ್ಲ. ಡಿಸ್ಕ್ ಕೆಟ್ಟರೆ ಅದರಲ್ಲಿರುವ ಎಲ್ಲ ಪಾರ್ಟಿಷನ್‌ಗಳೂ ಒಟ್ಟಿಗೆ ಹೋಗುತ್ತವೆ. ಇನ್‌ಸ್ಟಾಲ್ ಮಾಡುವಾಗ ತಪ್ಪು ಪಾರ್ಟಿಷನ್ ಆರಿಸಿದರೆ ಹೋಮ್ ಕೂಡ ಅಳಿಯುತ್ತದೆ.

128 ಜಿಬಿಯಷ್ಟು ಚಿಕ್ಕ ಎಸ್‌ಎಸ್‌ಡಿ ಇದ್ದರೆ ಒಂದೇ ಪಾರ್ಟಿಷನ್ ಮತ್ತು ನಿಯಮಿತ ಬ್ಯಾಕಪ್ ಸಾಕು. ಎಸ್‌ಎಸ್‌ಡಿಯ ಜೊತೆ ದೊಡ್ಡ ಹಾರ್ಡ್ ಡಿಸ್ಕ್ ಇದ್ದರೆ, ಅಥವಾ ಆಗಾಗ ಹೊಸ ಡಿಸ್ಟ್ರೊ (ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆ) ಹಾಕುವ ರೂಢಿಯಿದ್ದರೆ ಬೇರ್ಪಡಿಸುವುದು ಅನುಕೂಲ. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಡಿಸ್ಟ್ರೊ ಇಟ್ಟುಕೊಳ್ಳುವವರು ಇಡೀ ಹೋಮನ್ನು ಹಂಚಿಕೊಂಡರೆ ಸೆಟ್ಟಿಂಗ್‌ಗಳು ಒಂದಕ್ಕೊಂದು ತಗುಲುತ್ತವೆ. ಅವರು ದಾಖಲೆ, ಫೋಟೊಗಳಿಗೆ ಮಾತ್ರ ಒಂದು ಡೇಟಾ ಪಾರ್ಟಿಷನ್ ಮಾಡಿಕೊಂಡು, ಅದನ್ನು ಎರಡರಲ್ಲೂ ಮೌಂಟ್ ಮಾಡುವುದು ಒಳ್ಳೆಯದು.