ಸೂಕ್ಷ್ಮಜೀವಿಶಾಸ್ತ್ರದ ಸಂಜ್ಞಾಪ್ರಕರಣ

ಯಾವ ಶಾಸ್ತ್ರವನ್ನು ಅಭ್ಯಾಸಮಾಡಬೇಕಾದರೂ ಮೊದಲು ಅದರ ಸಂಜ್ಞೆಗಳನ್ನು ಅರಿತುಕೊಳ್ಳತಕ್ಕದ್ದೆಂಬುದು ಈ ದೇಶದ ಪಾಠಕ್ರಮದಲ್ಲಿ ಬಹುಕಾಲದಿಂದ ನೆಲೆಗೊಂಡಿರುವ ನಿಯಮ. ಸಿದ್ಧಾಂತಕೌಮುದಿಯನ್ನು ಹಿಡಿದ ಬಾಲಕನಿಗೆ ಮೊದಲು ದೊರೆಯುವುದು ಸಂಜ್ಞಾಪ್ರಕರಣ. ಅದನ್ನು ದಾಟದೆ ಅವನು ಸಂಧಿಗೆ ಕಾಲಿಡುವಂತಿಲ್ಲ. ಆದರೆ ದಾವಣಗೆರೆಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಮೊದಲನೆಯ ಪಾಠಕ್ಕೆ ಕುಳಿತುಕೊಳ್ಳುವ ವಿದ್ಯಾರ್ಥಿಗೆ ಇಂಥ ಪ್ರಕರಣವು ಸುಲಭವಾಗಿ ದೊರೆಯದು. ಕೆಲವು ವಾರಗಳೊಳಗಾಗಿ ಹತ್ತಾರು ಸಂಜ್ಞೆಗಳು ಅವನ ಮೇಲೆ ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ಅವುಗಳನ್ನು ವಿವರಿಸುವ ಭಾಷೆ ಇಂಗ್ಲಿಷು. ಸೋಜಿಗವೇನೆಂದರೆ, ಆ ಸಂಜ್ಞೆಗಳ ಮೂಲಾರ್ಥವನ್ನು ಪರಿಶೀಲಿಸಿದರೆ ಅವುಗಳಲ್ಲಿ ಮುಖ್ಯವಾದವು ಒಕ್ಕಲುತನದಿಂದಲೂ ಮನೆವಾರ್ತೆಯಿಂದಲೂ ಎತ್ತಿಕೊಂಡ ಸಾಮಾನ್ಯವಾದ ಮಾತುಗಳೆಂದು ತಿಳಿದುಬರುತ್ತದೆ. ಅವುಗಳಿಗೆ ಒಪ್ಪುವ ಮಾತುಗಳು ಕನ್ನಡದಲ್ಲಿ ಇವೆಯೇ, ಈಗ ಬಳಕೆಯಲ್ಲಿರುವವು ತಕ್ಕವೇ ಎಂಬುದು ಪ್ರಕೃತ ವಿಚಾರ.

ಕನ್ನಡದಲ್ಲಿ ಶಾಸ್ತ್ರವನ್ನು ಹೇಳುವ ಪ್ರಶ್ನೆಯು ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದ್ದು ೧೯೧೮ರಲ್ಲಿ, ಅದಾದ ನಾಲ್ಕು ವರ್ಷಗಳಿಗೆ, ೧೯೨೨ರಲ್ಲಿ, ಸಾಹಿತ್ಯ ಸಮ್ಮೇಳನವು ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ ದಾವಣಗೆರೆಯಲ್ಲಿಯೇ ನೆರೆಯಿತು. ಆಗ ಹತ್ತಿಯ ವ್ಯಾಪಾರಕ್ಕೆ ಹೆಸರಾಗಿದ್ದ ಊರು ಈಗ ವಿದ್ಯಾಸಂಸ್ಥೆಗಳಿಗೆ ಹೆಸರಾಗಿದೆ. ೧೯೬೫ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಹುಟ್ಟಿತು. ತೋಳಹುಣಸೆಯ ಶಿವಗಂಗೋತ್ರಿಯಲ್ಲಿದ್ದ ಸ್ನಾತಕೋತ್ತರ ಕೇಂದ್ರವು ೨೦೦೯ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ವೈದ್ಯನಾಗತಕ್ಕವನು, ದಾದಿಯಾಗತಕ್ಕವಳು, ರಕ್ತಪರೀಕ್ಷೆಯ ಕೆಲಸಕ್ಕೆ ಸೇರತಕ್ಕವನು, ಬಿ.ಎಸ್‌ಸಿ. ಓದುವವನು, ಇವರೆಲ್ಲರೂ ಈ ಶಾಸ್ತ್ರದ ಮೊದಲ ಪಾಠಗಳನ್ನು ಕಲಿಯಲೇಬೇಕು. ಹರಿಹರ, ಹೊನ್ನಾಳಿ, ಜಗಳೂರುಗಳ ಕಡೆಯಿಂದ ಬರುವ ಮಕ್ಕಳಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಅನಂತರ ಒಮ್ಮೆಗೇ ಇಂಗ್ಲಿಷಿಗೆ ದಾಟಿದವರು. ಶಾಸ್ತ್ರವು ಕಠಿನವಾದುದರಿಂದ ತಮಗೆ ತಿಳಿಯಲಿಲ್ಲವೆಂದು ಅವರು ಭಾವಿಸುತ್ತಾರೆ. ಅನೇಕ ವೇಳೆ ತಿಳಿಯದೆಹೋದದ್ದು ಮಾತು ಮಾತ್ರ.

ಪಾಠವು ಸಾಮಾನ್ಯವಾಗಿ ಲೇವನ್‌ಹುಕ್ ಎಂಬವನಿಂದ ಮೊದಲಾಗುತ್ತದೆ. ಅವನು ಹಾಲೆಂಡಿನ ಡೆಲ್ಫ್ಟ್ ನಗರದ ಜವಳಿ ವ್ಯಾಪಾರಿ. ನೂಲಿನ ನಯವನ್ನು ಪರೀಕ್ಷಿಸಲು ಜವಳಿಯವರು ಮಸೂರವನ್ನು ಬಳಸುತ್ತಿದ್ದರು; ಅವನು ಅದಕ್ಕಿಂತ ಬಲವಾದ ಮಸೂರಗಳನ್ನು ತಾನೇ ಉಜ್ಜಿ ಸಿದ್ಧಪಡಿಸಿ, ಮೆಣಸು ನೆನೆಯಿಟ್ಟ ನೀರನ್ನು ನೋಡಿ, ಅದರಲ್ಲಿ ಕಂಡ ಪುಟ್ಟ ಜೀವಿಗಳ ವರ್ಣನೆಯನ್ನು ೧೬೭೬ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದನು. ಜವಳಿಯಿಂದ ಬೆಳೆದ ಊರಿನ ಹುಡುಗನಿಗೆ ಇದನ್ನು ಹೇಳಿದರೆ ಶಾಸ್ತ್ರವು ಸ್ವಲ್ಪ ಹತ್ತಿರವಾದೀತು. ಆ ಜೀವಿಗಳಲ್ಲಿ ಒಂದು ವರ್ಗಕ್ಕೆ ಬ್ಯಾಕ್ಟೀರಿಯ ಎಂಬ ಹೆಸರು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದಿತು. ಗ್ರೀಕಿನಲ್ಲಿ ಅದರ ಮೂಲಾರ್ಥ ಚಿಕ್ಕ ಕೋಲು ಎಂದಿಷ್ಟೆ.

ಕನ್ನಡ ಜನರು ಇವೆಲ್ಲಕ್ಕೂ ಹೇಳುವ ಮಾತು ಕ್ರಿಮಿ. ಈ ಶಬ್ದವು ಬಹು ಪ್ರಾಚೀನವಾದುದು. ಅಥರ್ವವೇದದ ಎರಡನೆಯ ಮತ್ತು ಐದನೆಯ ಕಾಂಡಗಳ ಕ್ರಿಮಿಸೂಕ್ತಗಳಲ್ಲಿ ಕಾಣುವ ಕ್ರಿಮಿಗಳೂ ಕಾಣದ ಕ್ರಿಮಿಗಳೂ ಹೇಳಲ್ಪಟ್ಟಿವೆ. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಎಣಿಸಿ, ರಕ್ತದಲ್ಲಿ ಹುಟ್ಟುವವುಗಳಲ್ಲಿ ಕೆಲವು ಸೂಕ್ಷ್ಮತೆಯ ದೆಸೆಯಿಂದ ಅದೃಶ್ಯವಾಗಿವೆಯೆಂದು ಹೇಳಿದೆ. ಇಷ್ಟರಿಂದಲೇ ಪ್ರಾಚೀನರು ಬ್ಯಾಕ್ಟೀರಿಯವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಯುಕ್ತವಲ್ಲ. ಕಣ್ಣಿಗೆ ಕಾಣದುದು ಇರಬೇಕೆಂದು ಊಹಿಸುವುದು ಒಂದು. ಅದನ್ನು ಕಂಡು, ಉಳಿದವುಗಳಿಂದ ಬೇರ್ಪಡಿಸಿ, ಬೆಳೆಸಿ, ಇಂಥ ರೋಗಕ್ಕೆ ಇದೇ ಕಾರಣವೆಂದು ತೋರಿಸುವುದು ಮತ್ತೊಂದು. ಈ ಎರಡನೆಯದನ್ನು ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯನು ಕ್ಷಯರೋಗದ ವಿಷಯದಲ್ಲಿ ೧೮೮೨ರಲ್ಲಿ ಮಾಡಿ ತೋರಿಸಿದನು. ಪೂರ್ವಿಕರ ಊಹೆಯನ್ನು ಗೌರವಿಸುವುದಕ್ಕೆ ಅದನ್ನು ಹಿಗ್ಗಿಸಬೇಕಾದ ಅಗತ್ಯವಿಲ್ಲ.

ಕ್ರಿಮಿಶಬ್ದದ ತೊಡಕು ಇರುವುದು ಅದರ ಅತಿವ್ಯಾಪ್ತಿಯಲ್ಲಿ. ದಾವಣಗೆರೆಯ ಸುತ್ತಿನ ಭತ್ತ, ಹತ್ತಿ, ಮೆಕ್ಕೆಜೋಳದ ಹೊಲಗಳಲ್ಲಿ ಕ್ರಿಮಿನಾಶಕವೆಂದರೆ ಹುಳುವಿಗೆ ಹೊಡೆಯುವ ವಿಷ. ಆಸ್ಪತ್ರೆಯಲ್ಲಿ ಕ್ರಿಮಿನಾಶಕವೆಂದರೆ ನೆಲ ಒರಸುವ ದ್ರವ. ಔಷಧದಂಗಡಿಯಲ್ಲಿ ಮಕ್ಕಳ ಹೊಟ್ಟೆಯ ಜಂತುವಿಗೆ ಕೊಡುವ ಗುಳಿಗೆಯೂ ಕ್ರಿಮಿಯ ಮದ್ದೇ. ಇವು ಮೂರೂ ಬೇರೆ ಬೇರೆ ಜೀವಿಗಳ ಮೇಲೆ ಬೇರೆ ಬೇರೆ ರೀತಿಯಿಂದ ಕೆಲಸಮಾಡುವ ದ್ರವ್ಯಗಳು. ಇದಕ್ಕಿಂತ ಹೆಚ್ಚಿನ ಅನರ್ಥ ಮತ್ತೊಂದುಂಟು. ಬ್ಯಾಕ್ಟೀರಿಯವೂ ಕ್ರಿಮಿ, ವೈರಸ್ಸೂ ಕ್ರಿಮಿ ಎಂದಾದ ಮೇಲೆ ಒಂದಕ್ಕೆ ಕೊಡುವ ಮದ್ದನ್ನು ಇನ್ನೊಂದಕ್ಕೂ ಕೇಳುವುದು ಸಹಜವೇ. ೧೯೨೮ರಲ್ಲಿ ಫ್ಲೆಮಿಂಗನು ಕಂಡ ಪೆನಿಸಿಲಿನ್ ಬ್ಯಾಕ್ಟೀರಿಯದ ಸುತ್ತಲಿನ ಗೋಡೆಯನ್ನು ಕಟ್ಟಗೊಡದೆ ಅದನ್ನು ಕೊಲ್ಲುತ್ತದೆ. ವೈರಸ್ಸಿಗೆ ಆ ಗೋಡೆಯೇ ಇಲ್ಲ. ಆದುದರಿಂದ ನೆಗಡಿಗೆ ಅಂಥ ಮದ್ದನ್ನು ನುಂಗಿದವನಿಗೆ ನೆಗಡಿಯೂ ಗುಣವಾಗದು. ಅವನ ದೇಹದಲ್ಲಿರುವ ಬ್ಯಾಕ್ಟೀರಿಯಗಳಲ್ಲಿ ಮದ್ದಿಗೆ ಬಗ್ಗದವು ಉಳಿದು ಹೆಚ್ಚುತ್ತವೆ. ದಾದಿಯು ರೋಗಿಗೆ ಕನ್ನಡದಲ್ಲಿ ಹೇಳುವ ಒಂದು ಶಬ್ದದ ಮೇಲೆ ಇಷ್ಟು ನಿಂತಿದೆ. ಆದಕಾರಣ ಕ್ರಿಮಿಯನ್ನು ಹುಳುವಿಗೇ ಬಿಟ್ಟು, ಎಲ್ಲಕ್ಕೂ ಸಾಮಾನ್ಯವಾಗಿ ಸೂಕ್ಷ್ಮಜೀವಿ ಎಂತಲೂ, ವಿಶೇಷವಾಗಿ ಬ್ಯಾಕ್ಟೀರಿಯ, ವೈರಸ್ ಎಂತಲೂ ಹೇಳುವುದು ಲೇಸು.

ವೈರಸ್ಸಿಗೆ ವೈರಾಣುವೆಂಬ ಹೆಸರು ಈಗ ರೂಢವಾಗಿದೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ಅದು ಹಳ್ಳಿಹಳ್ಳಿಗೂ ಹೋಯಿತು. ವೈರ ಮತ್ತು ಅಣು ಸೇರಿ ಸವರ್ಣದೀರ್ಘವಾಗಿರುವುದರಿಂದ ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಅದು ಧ್ವನಿಸಾಮ್ಯದಿಂದ ಹುಟ್ಟಿದ ಮಾತು. ಲ್ಯಾಟಿನಿನ ‘ವೈರಸ್’ ಎಂಬುದಕ್ಕೆ ವಿಷವೆಂದರ್ಥ. ಅದೂ ಸಂಸ್ಕೃತದ ವಿಷಶಬ್ದವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಆದುದರಿಂದ ಹಿಂದಿಯವರ ವಿಷಾಣುವೇ ಮೂಲಕ್ಕೆ ಹತ್ತಿರ. ಮೇಲಾಗಿ, ಬ್ಯಾಕ್ಟೀರಿಯವನ್ನು ಮಾತ್ರ ಆಕ್ರಮಿಸಿ ಮನುಷ್ಯನ ಗೊಡವೆಗೆ ಬಾರದ ವೈರಸ್ಸುಗಳೂ ಇರುವುದರಿಂದ ಅವುಗಳ ಮೇಲೆ ವೈರವನ್ನು ಹೊರಿಸಿದಂತಾಯಿತು. ಆದರೂ ಜನರ ಬಾಯಲ್ಲಿ ನೆಲೆಗೊಂಡ ಮಾತನ್ನು ಕಿತ್ತುಹಾಕಲಾಗದು. ರೂಢಿಯು ಯೋಗಕ್ಕಿಂತ ಬಲವತ್ತರವೆಂಬುದು ಪ್ರಸಿದ್ಧವೇ.

ಇನ್ನು ಪ್ರಯೋಗಶಾಲೆ. ಇಲ್ಲಿ ವಿದ್ಯಾರ್ಥಿಯು ಕಲಿಯುವ ಮೊದಲ ಕೆಲಸವು ಸೂಕ್ಷ್ಮಜೀವಿಗಳನ್ನು ಬೆಳೆಸುವುದು. ಅದಕ್ಕಿರುವ ನಾಲ್ಕು ಸಂಜ್ಞೆಗಳನ್ನು ಮಾತ್ರ ನೋಡಬಹುದು. ‘ಕಲ್ಚರ್’ ಎಂಬುದು ಉಳುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು, ಎಂದರೆ ಕೃಷಿ. ‘ಕಾಲೊನಿ’ಯೂ ಅದೇ ಧಾತುವಿನದು, ಉಳುವವನು ನೆಲಸಿದ ಜಾಗ. ಕನ್ನಡದ ಒಕ್ಕಲು ಎಂಬ ಮಾತಿನಲ್ಲಿ ಬೇಸಾಯಗಾರನೂ ಅವನ ಮನೆತನವೂ ಒಟ್ಟಿಗೆ ಅಡಗಿರುವುದನ್ನು ನೋಡಿದರೆ ಇದಕ್ಕಿಂತ ಸಮನಾದ ಮಾತನ್ನು ಹುಡುಕಬೇಕಾಗಿಲ್ಲ. ತಟ್ಟೆಯ ಮೇಲೆ ಏಳುವ ಒಂದೊಂದು ಚುಕ್ಕೆಯೂ ಒಂದೇ ಮೂಲಜೀವಿಯಿಂದ ಬೆಳೆದ ಲಕ್ಷಗಟ್ಟಲೆ ಸಂತತಿಯಾಗಿರುವುದರಿಂದ ಅದನ್ನು ಒಕ್ಕಲೆನ್ನುವುದು ಯಥಾರ್ಥವೇ ಆಗಿದೆ. ‘ಇನ್‌ಕ್ಯುಬೇಷನ್’ ಎಂದರೆ ಕೋಳಿಯು ಮೊಟ್ಟೆಯ ಮೇಲೆ ಕೂಡುವುದು, ಕನ್ನಡದಲ್ಲಿ ಕಾವು. ೩೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ತಟ್ಟೆಗಳನ್ನು ರಾತ್ರಿಯೆಲ್ಲ ಇಡುವ ಪೆಟ್ಟಿಗೆಯನ್ನು ಕಾವುಪೆಟ್ಟಿಗೆಯೆಂದರೆ ಯಾವ ಹಳ್ಳಿಯ ಹುಡುಗನಿಗೂ ಟೀಕೆ ಬೇಡ.

ನಾಲ್ಕನೆಯದು ‘ಇನಾಕ್ಯುಲಂ’, ಎಂದರೆ ಬೆಳೆಸುವುದಕ್ಕಾಗಿ ಹಾಕುವ ಮೊದಲಿನ ಅಲ್ಪಾಂಶ. ಲ್ಯಾಟಿನಿನಲ್ಲಿ ಅದು ತೋಟಗಾರನ ಕಣ್ಣುಕಸಿಯಿಂದ ಬಂದ ಮಾತು. ಕನ್ನಡದಲ್ಲಿ ಅದಕ್ಕಿಂತ ನಿಷ್ಕೃಷ್ಟವಾದುದು ಹೆಪ್ಪು. ಕಾಸಿದ ಹಾಲು ಮಾಧ್ಯಮ, ನಿನ್ನೆಯ ಮೊಸರು ಹೆಪ್ಪು, ಒಲೆಯ ಬದಿಯ ಬಿಸುಪು ಕಾವು. ಹಾಲನ್ನು ಕಾಸಿ ಆರಿಸಿ ಉಗುರುಬೆಚ್ಚಗಿರುವಾಗ ಹೆಪ್ಪು ಹಾಕುವ ಗೃಹಿಣಿಯು ಪ್ರಯೋಗಶಾಲೆಯ ಕ್ರಮವನ್ನೇ ಅನುಸರಿಸುತ್ತಾಳೆ. ಕ್ರಿ.ಶ. ೧೦೨೫ರ ಸುಮಾರಿನ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಕೂಡಿಸಿ ಇಡ್ಡಲಿಗೆಯನ್ನು ಮಾಡುವ ವಿಧಾನವು ಹೇಳಲ್ಪಟ್ಟಿದೆ. ಅಲ್ಲಿ ಅಕ್ಕಿಯಿಲ್ಲ, ರಾತ್ರಿಯೆಲ್ಲ ಹುದುಗಿಡುವ ಮಾತೂ ಇಲ್ಲ. ಆದರೆ ಮೊಸರಿನ ತಿಳಿಯನ್ನು ಹಾಕುವುದು ಹೆಪ್ಪು ಹಾಕುವುದೇ ಎಂಬುದನ್ನು ಗಮನಿಸತಕ್ಕದ್ದು. ಈಗ ದಾವಣಗೆರೆಯ ಹೆಸರನ್ನು ಹೊತ್ತಿರುವ ಬೆಣ್ಣೆದೋಸೆಯ ಹಿಟ್ಟಿಗೆ ಹೊರಗಿನಿಂದ ಹೆಪ್ಪು ಬೇಕಾಗಿಲ್ಲ. ಉದ್ದು ಅಕ್ಕಿಗಳ ಮೇಲೆಯೇ ಇರುವ ಬ್ಯಾಕ್ಟೀರಿಯಗಳು ಹಿಟ್ಟಿನ ಸಕ್ಕರೆಯನ್ನು ತಿಂದು ಹುಳಿಯನ್ನೂ ಅನಿಲವನ್ನೂ ಬಿಡುತ್ತವೆ. ಇಡ್ಡಲಿಯ ಹಿಟ್ಟನ್ನು ಉಬ್ಬಿಸುವುದರಲ್ಲಿ ಲ್ಯೂಕೊನಾಸ್ಟಾಕ್ ಮೆಸೆಂಟೆರಾಯಿಡಿಸ್ ಎಂಬುದೇ ಮುಖ್ಯವೆಂದು ೧೯೬೫ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಥಿರಪಟ್ಟಿತು. ಇಂಥ ಅಂಕಿತನಾಮಗಳನ್ನು ಭಾಷಾಂತರಿಸಕೂಡದು. ದೇವದತ್ತನೆಂಬವನನ್ನು ಯಾರೂ ‘ದೇವರು ಕೊಟ್ಟವನು’ ಎಂದು ಕೂಗುವುದಿಲ್ಲ.

ಮಾಧ್ಯಮವನ್ನು ಗಟ್ಟಿಗೊಳಿಸುವ ಅಗರ್ ಎಂಬುದು ಮಲಯ ಭಾಷೆಯ ಮಾತು. ಕಡಲಿನ ಕೆಂಪು ಪಾಚಿಯಿಂದ ತೆಗೆದ ಅಂಟು. ಧೂಪದ ಅಗರುವಿಗೂ ಇದಕ್ಕೂ ಸಂಬಂಧವಿಲ್ಲ. ಕಾಕ್‌ನ ಶಿಷ್ಯವರ್ಗದ ಹೆಸ್ಸೆ ಎಂಬವನ ಪತ್ನಿ ಫ್ಯಾನಿ ಹೆಸ್ಸೆಯು ತನ್ನ ಅಡಿಗೆಮನೆಯ ಅನುಭವದಿಂದ ಅದನ್ನು ಸೂಚಿಸಿದಳು. ಅದಕ್ಕೆ ಮೊದಲು ಬಳಸುತ್ತಿದ್ದ ಜಿಲೆಟಿನ್ ಕಾವಿನಲ್ಲಿ ಕರಗಿಹೋಗುತ್ತಿತ್ತು.

ಬಣ್ಣಹಾಕುವ ಪಾಠದಲ್ಲಿ ಬೇರೊಂದು ಬಗೆಯ ತೊಡಕುಂಟು. ಗ್ರಾಂ ವರ್ಣಲೇಪವೆಂದು ಬರೆದೊಡನೆ ವಿದ್ಯಾರ್ಥಿಗೆ ತೂಕವು ನೆನಪಾಗುತ್ತದೆ. ಅದು ೧೮೮೪ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಎಂಬ ಡೆನ್ಮಾರ್ಕಿನ ವೈದ್ಯನ ಹೆಸರು. ಮೊದಲು ನೇರಿಳೆ ಬಣ್ಣ, ಬಳಿಕ ಅಯೋಡಿನ್, ಅನಂತರ ಆಲ್ಕೊಹಾಲಿನಿಂದ ತೊಳೆತ, ಕಡೆಗೆ ಕೆಂಪು ಸಾಫ್ರನಿನ್. ದಪ್ಪ ಗೋಡೆಯ ಬ್ಯಾಕ್ಟೀರಿಯವು ನೇರಿಳೆಯನ್ನು ಬಿಡದೆ ಹಿಡಿದುಕೊಳ್ಳುತ್ತದೆ. ತೆಳುಗೋಡೆಯದು ಬಿಟ್ಟುಕೊಟ್ಟು ಕೆಂಪಾಗುತ್ತದೆ. ಇವುಗಳನ್ನು ಗ್ರಾಂ ಧನ, ಗ್ರಾಂ ಋಣ ಎಂದು ಕರೆದರೆ ವಿದ್ಯುತ್ತಿನ ಪಾಠವು ಅಡ್ಡಬರುತ್ತದೆ. ಗ್ರಾಂಗ್ರಾಹಿ, ಗ್ರಾಂ‌ಅಗ್ರಾಹಿ ಎಂದರೆ ನಡೆದ ಸಂಗತಿಯನ್ನೇ ಹೇಳಿದಂತಾಗುತ್ತದೆ. ಆಕಾರದ ಹೆಸರುಗಳು ಸುಲಭ: ‘ಕಾಕಸ್’ ಕಾಳು, ‘ಬ್ಯಾಸಿಲಸ್’ ಕಡ್ಡಿ, ‘ಸ್ಟ್ಯಾಫಿಲೊ’ ದ್ರಾಕ್ಷಿಯ ಗೊಂಚಲು.

ಸಂಸ್ಕೃತವಾಗಲಿ ಕನ್ನಡವಾಗಲಿ ಎಚ್ಚರಿಕೆಯಿಂದ ದೂರವಿಡಬೇಕಾದ ಮಾತು ಒಂದುಂಟು, ಅದು ಮಡಿ. ಜ್ವಾಲೆಯಲ್ಲಿ ತಂತಿಯನ್ನು ಕೆಂಪಗೆ ಕಾಸಿ, ತಟ್ಟೆಯ ಮುಚ್ಚಳವನ್ನು ಬೇಕಾದಷ್ಟೇ ಎತ್ತಿ, ಏನನ್ನೂ ತಾಕಿಸದೆ ಕೆಲಸಮಾಡುವ ಕ್ರಮವನ್ನು ನೋಡಿದವರು ಇದು ಮಡಿಯೇ ಎಂದಾರು. ಮಡಿಯು ನೀರಿನಿಂದ ಬರುತ್ತದೆ. ಇದು ಬೆಂಕಿಯಿಂದಲೂ ಲೆಕ್ಕದಿಂದಲೂ ಬರತಕ್ಕದ್ದು. ಒತ್ತಡದ ಹಬೆಯಲ್ಲಿ ೧೨೧ ಡಿಗ್ರಿಯಲ್ಲಿ ೧೫ ನಿಮಿಷ ಇಟ್ಟ ಪಾತ್ರೆಯೊಳಗೆ ಜೀವವಿರುವುದಿಲ್ಲ. ತೀರ್ಥದಲ್ಲಿ ತೊಳೆದ ಪಾತ್ರೆಯೊಳಗೆ ಇರುತ್ತದೆ.

ಹರಿಹರದಲ್ಲಿ ಇದು ಕೇವಲ ಮಾತಿನ ಭೇದವಾಗಿ ಉಳಿಯುವುದಿಲ್ಲ. ದಾವಣಗೆರೆಗೆ ಸುಮಾರು ೧೪ ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಿದೆ. ಭಕ್ತರು ಮೀಯುವ ಆ ಹೊಳೆಯ ನೀರು ಕುಡಿಯುವುದಕ್ಕೂ ಒದಗುತ್ತದೆ. ತಿಳಿಯಾಗಿ ಕಂಡ ನೀರು ಶುದ್ಧವೆನ್ನುವಂತಿಲ್ಲ. ಕುಡಿಯುವ ನೀರಿನ ೧೦೦ ಮಿಲಿಲೀಟರಿನಲ್ಲಿ ಎಷರಿಕಿಯ ಕೋಲಿ ಒಂದೂ ಕಾಣಕೂಡದೆಂಬುದು ಭಾರತೀಯ ಮಾನಕದ ನಿಯಮ. ಈ ಹೆಸರಿನ ‘ಕೋಲಿ’ಯನ್ನು ಕೋಲೆಂದು ತಿಳಿದರೆ ಆಕಾರವು ಸರಿಯಾಗಿ, ವ್ಯುತ್ಪತ್ತಿಯು ಮಾತ್ರ ತಪ್ಪುತ್ತದೆ, ಅದರರ್ಥ ದೊಡ್ಡ ಕರುಳಿನದು ಎಂದು. ಮಲವು ನೀರಿಗೆ ಸೇರಿದೆಯೆಂಬುದಕ್ಕೆ ಅದು ಗುರುತು.

ಪರೀಕ್ಷೆಯ ಕ್ರಮವು ನ್ಯಾಯಶಾಸ್ತ್ರವನ್ನು ಓದಿದವರಿಗೆ ಹೊಸದಾಗಿ ತೋರದು. ಹಾಲಿನ ಸಕ್ಕರೆಯುಳ್ಳ ಸಾರಿನ ಕೊಳವೆಗಳಿಗೆ ನೀರನ್ನು ಹಾಕಿ, ಒಳಗೆ ಒಂದು ಪುಟ್ಟ ಕೊಳವೆಯನ್ನು ಬೋರಲಾಗಿಟ್ಟು, ಒಂದೆರಡು ದಿನ ಕಾವಿನಲ್ಲಿಡುತ್ತಾರೆ. ಪುಟ್ಟ ಕೊಳವೆಯಲ್ಲಿ ಅನಿಲವು ತುಂಬಿದರೆ ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಬ್ಯಾಕ್ಟೀರಿಯವನ್ನು ಊಹಿಸಬಹುದು. ಆದರೆ ಹೇತುವು ಅನೈಕಾಂತಿಕ. ಬೇರೆ ಕೆಲವು ನಿರಪಾಯವಾದ ಬ್ಯಾಕ್ಟೀರಿಯಗಳೂ ಹೀಗೆಯೇ ಅನಿಲವನ್ನು ಬಿಡುತ್ತವೆ. ಆದುದರಿಂದ ಮೊದಲನೆಯದಕ್ಕೆ ಅನುಮಾನಪರೀಕ್ಷೆಯೆಂದೇ ಹೆಸರಿಡಬೇಕು. ಎರಡನೆಯದರಲ್ಲಿ, ಅಂಥ ಇತರ ಜೀವಿಗಳನ್ನು ತಡೆಯುವ ಹಸುರು ಬಣ್ಣದ ಸಾರಿಗೆ ಹೆಪ್ಪು ಹಾಕುತ್ತಾರೆ. ಮೂರನೆಯದರಲ್ಲಿ, ಇಯೋಸಿನ್ ಬಣ್ಣದ ಅಗರಿನ ಮೇಲೆ ಎಳೆದು, ಹಸುರು ಲೋಹಕಾಂತಿಯ ಒಕ್ಕಲುಗಳು ಎದ್ದರೆ ಅವುಗಳಲ್ಲಿ ಒಂದನ್ನು ಎತ್ತಿ ಗ್ರಾಂ ಬಣ್ಣಕ್ಕೆ ಒಡ್ಡುತ್ತಾರೆ. ಅದು ಕೆಂಪು ಕಡ್ಡಿಯಾಗಿ ಕಂಡು, ಮತ್ತೆ ಹಾಲಿನ ಸಕ್ಕರೆಯಲ್ಲಿ ಅನಿಲವನ್ನು ಬಿಟ್ಟ ಮೇಲೆಯೇ ವಿದ್ಯಾರ್ಥಿಯು ತನ್ನ ಪುಸ್ತಕದಲ್ಲಿ ನಿರ್ಣಯವನ್ನು ಬರೆಯತಕ್ಕದ್ದು.