ಹಸುಳೆಯ ಕಾಲವೂ ಕಡತದ ಕಾಲವೂ

ಅಡುಗೆಮನೆಯಲ್ಲಿ ಹಿತ್ತಾಳೆಯ ತಟ್ಟೆಯೊಂದು ಕೈಜಾರಿ ಬಿತ್ತು. ಮನೆಯವರೆಲ್ಲ ಬೆಚ್ಚಿ ತಿರುಗಿದೆವು. ನಡುಮನೆಯಲ್ಲಿ ಆಡುತ್ತಿದ್ದ ಹದಿನಾಲ್ಕು ತಿಂಗಳ ಮಗ ಮಾತ್ರ ತಿರುಗಲಿಲ್ಲ. “ಗಂಡುಕೂಸಿಗೆ ಮಾತು ತಡವೇ. ನಿಮ್ಮ ಭಾವಮೈದುನನೂ ನಾಲ್ಕು ತುಂಬಿದ ಮೇಲೆ ಬಾಯಿಬಿಟ್ಟವನು” ಎಂದು ಅತ್ತೆಯವರು ಸಮಾಧಾನ ಹೇಳಿದರು. ಆ ಮಾತನ್ನು ನಂಬಿ ನಾವು ಹತ್ತು ತಿಂಗಳು ಕಳೆದೆವು. ಆ ತಪ್ಪು ನಮ್ಮದು. ಆದರೆ ಅನಂತರದ ಕಾಯುವಿಕೆ ನಮ್ಮ ಕೈಯಲ್ಲಿರಲಿಲ್ಲ. ಅದನ್ನು ಕುರಿತು ನಾಲ್ಕು ಮಾತು.

ಭಾಷೆಯ ಬಿತ್ತನೆಗೆ ಬಾಳಿನ ಮೊದಲ ಕೆಲವು ವರ್ಷಗಳೇ ಹದ. ಕಿವಿಯಿಂದಾಗಲಿ ಕಣ್ಣಿನಿಂದಾಗಲಿ ಆಗ ಭಾಷೆಯೊಂದು ಒಳಹೋಗದಿದ್ದರೆ ಮುಂದೆ ಬೆಳೆ ಅರೆಬರೆಯೇ. ಕೇಂದ್ರ ಸರ್ಕಾರದ ‘ಅಡಿಪ್’ ಯೋಜನೆಯಲ್ಲಿ ಹುಟ್ಟುಕಿವುಡರಾದ ಮಕ್ಕಳ ಒಳಗಿವಿಗೆ ಕಾಕ್ಲಿಯರ್ ಉಪಕರಣವನ್ನು ಅಳವಡಿಸಲು ನೆರವುಂಟು; ಆದರೆ ಅದಕ್ಕೆ 5 ವರ್ಷದ ಮಿತಿಯೂ ಉಂಟು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಎಳೆಯ ಮಕ್ಕಳೊಡನೆ ತಾಯಂದಿರಿಗೂ ಶಿಕ್ಷಣ ಕೊಡುವುದು ಈ ಹದವನ್ನರಿತೇ.

ಕಾನೂನು ಉದಾರವಾಗಿಲ್ಲವೆಂದು ಹೇಳಲಾಗದು. 1995ರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಗಣಿಸಿತ್ತು. 2016ರ ಕಾಯಿದೆ ಇಪ್ಪತ್ತೊಂದನ್ನು ಗಣಿಸಿ, ಆಟಿಸಂನಂಥ ಸ್ಥಿತಿಗಳಿಗೂ ಮನ್ನಣೆಯಿತ್ತಿತು. ಆದರೂ ಅದರ 31ನೆಯ ಪ್ರಕರಣವು ಉಚಿತ ಶಿಕ್ಷಣದ ಹಕ್ಕನ್ನು ನೀಡುವುದು ಶೇಕಡ 40 ಅಥವಾ ಅದಕ್ಕೆ ಮೇಲ್ಪಟ್ಟ ವೈಕಲ್ಯವುಳ್ಳ, ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ. ಐದಕ್ಕೆ ಒಂದು ಬಾಗಿಲು ಮುಚ್ಚುತ್ತದೆ; ಆರಕ್ಕೆ ಇನ್ನೊಂದು ತೆರೆಯುತ್ತದೆ. ನಡುವಿನ ಜಗಲಿಯಲ್ಲಿ ನಿಂತವರು ನಾವು.

ಇದರ ಮೇಲೆ 2024ರ ಅಕ್ಟೋಬರಿನಲ್ಲಿ ನಿಯಮಗಳು ತಿದ್ದುಪಡಿಯಾದುವು. ವೈಕಲ್ಯದ ಪ್ರಮಾಣಪತ್ರವನ್ನು ಒಂದು ತಿಂಗಳೊಳಗೆ ಕೊಡಬೇಕೆಂದಿದ್ದುದು ಮೂರು ತಿಂಗಳಾಯಿತು. ಎರಡು ವರ್ಷ ಕಳೆದರೂ ಆಸ್ಪತ್ರೆಯು ತೀರ್ಮಾನಿಸದಿದ್ದರೆ ಅರ್ಜಿಯೇ ನಿಷ್ಕ್ರಿಯವಾಗುತ್ತದೆ. ತಡಮಾಡಿದವರು ಯಾರೋ, ಮತ್ತೆ ಅಲೆಯಬೇಕಾದವರು ಯಾರೋ! ಅಡಿಪ್ ನೆರವಿಗೂ ಶೇಕಡ 40ರ ಪ್ರಮಾಣಪತ್ರವೇ ಕೀಲಿಕೈ. ನಲವತ್ತು ವರ್ಷದವನಿಗೆ ಮೂರು ತಿಂಗಳು ಒಂದು ಮಳೆಗಾಲ. ಎರಡು ವರ್ಷದ ಕೂಸಿಗಾದರೋ ಅದು ಅದುವರೆಗಿನ ಬಾಳಿನ ಎಂಟನೆಯ ಒಂದು ಪಾಲು.

ಸರ್ಕಾರದ ಪಕ್ಷದಲ್ಲಿಯೂ ನ್ಯಾಯವಿದೆ. ಸುಳ್ಳು ಪ್ರಮಾಣಪತ್ರಗಳನ್ನು ತಡೆಯಬೇಕು. ಜಿಲ್ಲಾಸ್ಪತ್ರೆಗಳಲ್ಲಿ ತಜ್ಞರು ವಿರಳ, ಸರದಿ ಉದ್ದ. ನಾವು ಅಲೆದ ಆಸ್ಪತ್ರೆಯ ವೈದ್ಯರೂ ದಯಾಳುಗಳೇ. ಶ್ರವಣಪರೀಕ್ಷಕರ ದಿನಕ್ಕಾಗಿ ಅವರೂ ನಮ್ಮಂತೆಯೇ ಕಾಯುತ್ತಿದ್ದರು. ಆದರೆ ಮೋಸವನ್ನು ತಡೆಯಲು ಹಾಕಿದ ಬೇಲಿಗೆ ತೊಟ್ಟಿಲೂ ಸಿಲುಕಬೇಕೆ?

ದಾರಿಯಿಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದಲೇ ಮಕ್ಕಳನ್ನು ಪರೀಕ್ಷಿಸುತ್ತದೆ. 2023ರ ನವೆಂಬರಿನಲ್ಲಿ ಅಂಗನವಾಡಿಗಳಿಗಾಗಿಯೂ ವಿಕಲಚೇತನ ಮಕ್ಕಳನ್ನು ಗುರುತಿಸುವ ಕ್ರಮವೊಂದು ಪ್ರಕಟವಾಯಿತು. ಗುರುತಿಸಿದ ದಿನದಿಂದಲೇ, ಪ್ರಮಾಣಪತ್ರಕ್ಕೆ ಕಾಯದೆ, ನೆರವು ಮೊದಲಾಗಲಿ. ಆರು ತುಂಬದ ಮಕ್ಕಳಿಗೆ ಬೇರೆಯದೇ ಸರದಿಯಿರಲಿ. ಅವರ ಅರ್ಜಿ ಎಂದೂ ನಿಷ್ಕ್ರಿಯವಾಗದಿರಲಿ. ತಂದೆಯೊಬ್ಬನ ಬೇಡಿಕೆ ಇಷ್ಟೇ.

ಓದುಗರಲ್ಲಿ ಉಪಾಧ್ಯಾಯರು ಅನೇಕರಿದ್ದೀರಿ. ಕರೆದರೆ ತಿರುಗದ ಕೂಸನ್ನು ನೆರೆಯಲ್ಲಿ ಕಂಡರೆ ಅದರ ತಾಯಿಗೆ ಅಂದೇ ಹೇಳಿರಿ. ಹತ್ತು ತಿಂಗಳು ಸುಮ್ಮನಿದ್ದ ನಮ್ಮ ತಪ್ಪು ಇನ್ನೊಂದು ಮನೆಯಲ್ಲಿ ಆಗದಿರಲಿ.