ಐಟಿಐ ಪ್ರವೇಶ: ಫಲಿತಾಂಶಕ್ಕೆ ಮುನ್ನವೇ ಮುಗಿಯಬೇಕಾದ ಕೆಲಸ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಬಹುತೇಕ ಸದಸ್ಯರ ಮನೆ ಬಾಗಿಲಿಗೆ ಒಂದು ಪ್ರಶ್ನೆ ಬರುತ್ತದೆ: ಹುಡುಗ ಪಾಸಾಗಿದ್ದಾನೆ, ಐಟಿಐಗೆ ಸೇರಿಸಬೇಕು, ಏನು ಮಾಡಬೇಕು? ಆ ಹೊತ್ತಿಗೆ ಮಾಡಬೇಕಾದುದರಲ್ಲಿ ಅರ್ಧದಷ್ಟು ಕೆಲಸಕ್ಕೆ ಸಮಯ ಮೀರುತ್ತ ಬಂದಿರುತ್ತದೆ. ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಇಲ್ಲ, ಸಂದರ್ಶನವೂ ಇಲ್ಲ. ಎಸ್ಸೆಸ್ಸೆಲ್ಸಿ ಅಂಕ ಮತ್ತು ಮೀಸಲಾತಿ ನಿಯಮ, ಇವೆರಡರ ಆಧಾರದ ಮೇಲೆಯೇ ಸೀಟು ಹಂಚಿಕೆಯಾಗುತ್ತದೆ. ಪ್ರಕಟವಾದ ಅಂಕವನ್ನು ಯಾರೂ ಹೆಚ್ಚಿಸಲಾರರು. ಆದರೆ ಸಿಂಧುವಾದ ಪ್ರಮಾಣಪತ್ರ, ಸರಿಯಾದ ಮೊಬೈಲ್ ಸಂಖ್ಯೆ, ವೃತ್ತಿಗಳನ್ನು ಆಯ್ಕೆ ಮಾಡುವ ಕ್ರಮ ಮತ್ತು ದಿನಾಂಕಗಳ ಮೇಲಿನ ನಿಗಾ ಕುಟುಂಬದ ಕೈಯಲ್ಲಿವೆ. ಪಂಚಾಯಿತಿ ಸದಸ್ಯರು ನೆರವಾಗಬಲ್ಲದ್ದೂ ಇಲ್ಲಿಯೇ.

ಯಾರು ಅರ್ಜಿ ಸಲ್ಲಿಸಬಹುದು

ಕುಶಲಕರ್ಮಿ ತರಬೇತಿ ಯೋಜನೆಯು ದೇಶದಲ್ಲಿ 1950ರಿಂದ ಜಾರಿಯಲ್ಲಿದೆ. ಕನಿಷ್ಠ ವಯಸ್ಸು 14 ವರ್ಷ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್, ಮೋಟಾರು ವಾಹನ ಮೆಕ್ಯಾನಿಕ್ ಮೊದಲಾದ ಎರಡು ವರ್ಷದ ವೃತ್ತಿಗಳಿಗೆ ಎಸ್ಸೆಸ್ಸೆಲ್ಸಿ ತೇರ್ಗಡೆಯಾಗಿರಬೇಕು. ವೆಲ್ಡರ್, ವೈರ್‌ಮನ್, ಹೊಲಿಗೆ ತಂತ್ರಜ್ಞಾನದಂತಹ ಕೆಲವು ವೃತ್ತಿಗಳಿಗೆ 8ನೇ ತರಗತಿಯ ವಿದ್ಯಾರ್ಹತೆಯೇ ಸಾಕು. ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣನಾದ ಮಗನನ್ನು ಇನ್ನು ಕೂಲಿಗೇ ಕಳುಹಿಸಬೇಕು ಎಂದು ನಿರ್ಧರಿಸುವ ಮನೆಗಳಿಗೆ ಈ ವಿಷಯ ತಿಳಿದಿರುವುದಿಲ್ಲ. ಅದನ್ನು ಅವರಿಗೆ ಮುಟ್ಟಿಸಬೇಕು. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಉಳಿಸಿಕೊಂಡವರು ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸಿಕೊಂಡು, ಖಾಲಿ ಉಳಿದ ಸೀಟುಗಳ ಸುತ್ತಿಗಾಗಿ ಕಾಯಬಹುದು.

ಪ್ರಮಾಣಪತ್ರಗಳು

ಅರ್ಜಿಯಲ್ಲಿ ಯಾವ ಮೀಸಲಾತಿಯನ್ನು ಕೋರಲಾಗುತ್ತದೆಯೋ ಅದಕ್ಕೆ ತಕ್ಕ ಪ್ರಮಾಣಪತ್ರ ಕೈಯಲ್ಲಿರಬೇಕು. ಮುಂದೆ ತಂದುಕೊಡುವೆವು ಎಂಬ ಮಾತಿಗೆ ದಾಖಲೆ ಪರಿಶೀಲನೆಯಲ್ಲಿ ಬೆಲೆಯಿಲ್ಲ. ಪ್ರಮಾಣಪತ್ರ ಇಲ್ಲದಿದ್ದರೆ ಅಭ್ಯರ್ಥಿಯು ಸಾಮಾನ್ಯ ವರ್ಗದ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, ಪ್ರವರ್ಗ 2ಎ, 2ಬಿ, 3ಎ ಮತ್ತು 3ಬಿಗೆ ನಮೂನೆ-ಎಫ್‌ನಲ್ಲಿ ತಹಶೀಲ್ದಾರರು ಪ್ರಮಾಣಪತ್ರ ನೀಡುತ್ತಾರೆ. ಮೊದಲಿನ ಎರಡು ನಮೂನೆಗಳ ಜಾತಿ ಪ್ರಮಾಣಪತ್ರ ಜೀವಿತಾವಧಿಗೆ ಸಿಂಧುವಾದುದು. ನಮೂನೆ-ಎಫ್‌ನಲ್ಲಿ ಆದಾಯವೂ ಸೇರಿರುವುದರಿಂದ ಅದರ ಸಿಂಧುತ್ವ 5 ವರ್ಷ ಮಾತ್ರ. ತೊಡಕು ಹೆಚ್ಚಾಗಿ ಕಾಣುವುದು ಇಲ್ಲಿಯೇ: 5ನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ ಪ್ರಮಾಣಪತ್ರವು 10ನೇ ತರಗತಿ ಮುಗಿಯುವ ವೇಳೆಗೆ ಅವಧಿ ಮೀರಿರುತ್ತದೆ, ಆದರೆ ಮನೆಯವರ ಪಾಲಿಗೆ ಅದು ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಪ್ರಮಾಣಪತ್ರದ ಮೇಲಿನ ದಿನಾಂಕ ಮತ್ತು ಆರ್‌ಡಿ ಸಂಖ್ಯೆಯನ್ನು ಫೆಬ್ರುವರಿ ಅಥವಾ ಮಾರ್ಚ್ ತಿಂಗಳಲ್ಲಿಯೇ ನೋಡಿಕೊಳ್ಳುವುದು ಒಳಿತು. ಗ್ರಾಮ ಒನ್ ಕೇಂದ್ರ, ಬಾಪೂಜಿ ಸೇವಾ ಕೇಂದ್ರ ಅಥವಾ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿದಾಗ ದೊರೆಯುವ ಸ್ವೀಕೃತಿಯನ್ನು ಎಸೆಯಬಾರದು. ಸಕಾಲ ಅಧಿನಿಯಮ, 2011ರಂತೆ ಈ ಸೇವೆಗಳಿಗೆ ಕಾಲಮಿತಿ ಇದ್ದು, ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಲು ಆ ಸ್ವೀಕೃತಿಯ ಸಂಖ್ಯೆಯೇ ಆಧಾರ.

ಎರಡನೆಯದು 371(ಜೆ) ಅರ್ಹತಾ ಪ್ರಮಾಣಪತ್ರ. 2012ರ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಈ ಅನುಚ್ಛೇದವನ್ನು ಜನರು ಸಾಮಾನ್ಯವಾಗಿ ಸರ್ಕಾರಿ ನೌಕರಿ ಹಾಗೂ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳೊಂದಿಗೆ ಮಾತ್ರ ಜೋಡಿಸಿ ನೋಡುತ್ತಾರೆ. ವಾಸ್ತವವಾಗಿ ಅನುಚ್ಛೇದದಲ್ಲಿ ಶಿಕ್ಷಣ ಸಂಸ್ಥೆಗಳ ಜೊತೆಗೆ ವೃತ್ತಿ ತರಬೇತಿ ಸಂಸ್ಥೆಗಳನ್ನೂ ಸ್ಪಷ್ಟವಾಗಿ ಹೆಸರಿಸಲಾಗಿದೆ. ಹುಟ್ಟಿನಿಂದಾಗಲಿ ವಾಸದಿಂದಾಗಲಿ ಪ್ರದೇಶಕ್ಕೆ ಸೇರಿದ ವಿದ್ಯಾರ್ಥಿಗಳಿಗೆ ಸೀಟು ಮೀಸಲಿಡಲು ಅದು ಅವಕಾಶ ನೀಡುತ್ತದೆ. ಈ ಪ್ರಮಾಣಪತ್ರವನ್ನು ನೀಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಅರ್ಜಿಯು ಕೆಳಹಂತದ ಪರಿಶೀಲನೆ ಮುಗಿಸಿ ಸಹಾಯಕ ಆಯುಕ್ತರ ಕಚೇರಿಗೆ ತಲುಪಬೇಕಾದುದರಿಂದ ಜಾತಿ ಪ್ರಮಾಣಪತ್ರಕ್ಕಿಂತ ಮುಂಚಿತವಾಗಿ ಇದಕ್ಕೆ ಅರ್ಜಿ ಹಾಕಿಸಬೇಕು.

ಈ ಐದು ತಾಲ್ಲೂಕುಗಳಿಗೆ ಸಂಬಂಧಿಸಿದ ಇನ್ನೊಂದು ವಿಷಯವಿದೆ. ಇಲ್ಲಿನ ಮಕ್ಕಳು ಹುಟ್ಟಿದ ಊರು ಬದಲಾಗಿಲ್ಲ, ಆದರೆ ಊರಿನ ವಿಳಾಸ ಬದಲಾಗಿದೆ. ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದುದು 2021ರಲ್ಲಿ. ಅದಕ್ಕೂ ಮೊದಲಿನ ಜನನ ಪ್ರಮಾಣಪತ್ರ ಮತ್ತು ಶಾಲಾ ದಾಖಲೆಗಳಲ್ಲಿ ಬಳ್ಳಾರಿ ಜಿಲ್ಲೆ ಎಂದಿರುತ್ತದೆ. ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಹುಟ್ಟಿದವರ ದಾಖಲೆಯಲ್ಲಿ ಕೂಡ್ಲಿಗಿ ತಾಲ್ಲೂಕು ಎಂದಿರುತ್ತದೆ. ಹರಪನಹಳ್ಳಿಯ ಕಥೆ ಇನ್ನೂ ಉದ್ದ: 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, ಕೊನೆಗೆ ವಿಜಯನಗರದ ಭಾಗವಾಯಿತು. ಹೀಗಾಗಿ ಒಂದೇ ಮನೆಯ ಅಣ್ಣನ ವರ್ಗಾವಣೆ ಪತ್ರದಲ್ಲಿ ಒಂದು ಜಿಲ್ಲೆ, ತಮ್ಮನದರಲ್ಲಿ ಇನ್ನೊಂದು ಜಿಲ್ಲೆ ಕಂಡುಬರಬಹುದು. ಇದು ತಪ್ಪಲ್ಲ, ಆಯಾ ಕಾಲದ ಆಡಳಿತ ವಿಭಾಗವನ್ನು ಅದು ತೋರಿಸುತ್ತದೆ. ಹಳೆಯ ದಾಖಲೆಯನ್ನು ತಿದ್ದಲು ಹೋಗಬಾರದು. ಅರ್ಜಿಯಲ್ಲಿ ಈಗಿನ ತಾಲ್ಲೂಕು, ಜಿಲ್ಲೆಯನ್ನು ನಮೂದಿಸಿ, ಪರಿಶೀಲನೆಯ ವೇಳೆ ಪ್ರಶ್ನೆ ಬಂದರೆ ತೋರಿಸಲು ಈಗಿನ ವಿಳಾಸವಿರುವ ಆಧಾರ್ ಅಥವಾ ಪಡಿತರ ಚೀಟಿಯನ್ನು ಜೊತೆಗಿಟ್ಟುಕೊಳ್ಳಬೇಕು.

ತಿದ್ದಬೇಕಾದುದು ಹೆಸರಿನ ವ್ಯತ್ಯಾಸವನ್ನು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಎರಡು. ಅಲ್ಲಿ ತಂದೆಯ ಹೆಸರು ಮುಂದೆ, ಇಲ್ಲಿ ಹಿಂದೆ. ತಾಂಡಾಗಳಲ್ಲಿ ಹೆಸರಿನೊಂದಿಗೆ ನಾಯ್ಕ ಎಂದು ಒಂದು ಕಡೆ ಇದ್ದು ಮತ್ತೊಂದು ಕಡೆ ಇಲ್ಲದಿರುವುದು. ಅಂಕಪಟ್ಟಿಯಲ್ಲಿರುವ ಹೆಸರನ್ನೇ ಪ್ರಮಾಣವೆಂದು ಇಟ್ಟುಕೊಂಡು ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಆಧಾರ್ ತಿದ್ದುಪಡಿಗೆ ದಿನಗಳು ಬೇಕಾಗುವುದರಿಂದ ಇದನ್ನೂ ಬೇಸಿಗೆಗೆ ಮುನ್ನವೇ ಮುಗಿಸಬೇಕು.

ಗ್ರಾಮೀಣ ವ್ಯಾಸಂಗ ಅಥವಾ ಕನ್ನಡ ಮಾಧ್ಯಮದ ಆಧಾರದಲ್ಲಿ ಸೌಲಭ್ಯ ಕೋರುವುದಾದರೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಪ್ರಮಾಣಪತ್ರ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಬೇಸಿಗೆ ರಜೆಯಲ್ಲಿ ಮುಖ್ಯ ಶಿಕ್ಷಕರು ಊರಲ್ಲಿ ಸಿಗುವುದು ಕಷ್ಟ. ಅಂಗವಿಕಲ ಅಭ್ಯರ್ಥಿಗಳು ಯುಡಿಐಡಿ ಕಾರ್ಡನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು.

ಅರ್ಜಿ ಮತ್ತು ಆಯ್ಕೆಯ ಕ್ರಮ

ಅರ್ಜಿಯನ್ನು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಜಾಲತಾಣದಲ್ಲಿ ಆನ್‌ಲೈನ್ ಮೂಲಕವೇ ಸಲ್ಲಿಸಬೇಕು. ವೇಳಾಪಟ್ಟಿಯನ್ನು ಇಲಾಖೆಯು ಪ್ರತಿ ವರ್ಷ ಫಲಿತಾಂಶದ ಆಸುಪಾಸಿನಲ್ಲಿ ಪ್ರಕಟಿಸುತ್ತದೆ. ಹಿಂದಿನ ವರ್ಷದ ದಿನಾಂಕವನ್ನು ನೆಚ್ಚಿಕೊಂಡು ಕುಳಿತುಕೊಳ್ಳಬಾರದು. ಜಾಲತಾಣ ಬಳಸಲು ತಿಳಿಯದವರು ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಕೇಳಿದರೆ ಮಾರ್ಗದರ್ಶನ ದೊರೆಯುತ್ತದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಮತ್ತು ಅಂತರ್ಜಾಲ ಇರುವಲ್ಲಿ ಗ್ರಂಥಾಲಯ ಮೇಲ್ವಿಚಾರಕರ ನೆರವಿನಿಂದ ಅಲ್ಲಿಯೇ ಅರ್ಜಿ ಸಲ್ಲಿಸಬಹುದು.

ಮೊಬೈಲ್ ಸಂಖ್ಯೆಯ ವಿಷಯವನ್ನು ಚಿಕ್ಕದೆಂದು ಭಾವಿಸಬಾರದು. ಒಟಿಪಿ ಮತ್ತು ಮುಂದಿನ ಸೂಚನೆಗಳು ಬರುವುದು ಅರ್ಜಿಯಲ್ಲಿ ಕೊಟ್ಟ ಸಂಖ್ಯೆಗೆ. ಹರಪನಹಳ್ಳಿ ತಾಲ್ಲೂಕಿನ ಒಂದು ತಾಂಡಾದ ವಿದ್ಯಾರ್ಥಿಯೊಬ್ಬನ ತಂದೆ-ತಾಯಿ ಗುಳೆ ಹೋಗಿದ್ದಾರೆ, ಮನೆಯಲ್ಲಿ ಅಜ್ಜಿಯೊಬ್ಬಳೇ ಇದ್ದಾಳೆ ಎಂದಿಟ್ಟುಕೊಳ್ಳಿ. ಅರ್ಜಿ ತುಂಬಿದವರು ತಂದೆಯ ಸಂಖ್ಯೆಯನ್ನು ಕೊಟ್ಟಿರುತ್ತಾರೆ, ಇಲ್ಲವೇ ಅವಸರದಲ್ಲಿ ಸೈಬರ್ ಅಂಗಡಿಯವನ ಸಂಖ್ಯೆಯನ್ನೇ ಹಾಕಿರುತ್ತಾರೆ. ಸೀಟು ಹಂಚಿಕೆಯಾದ ಸಂದೇಶ ಬೇರೆ ಊರಿನ ಫೋನಿಗೆ ಹೋಗಿ ಅಲ್ಲಿಯೇ ಉಳಿಯುತ್ತದೆ. ಸೇರಲು ಕೊಟ್ಟ ದಿನಗಳು ಕಳೆದ ಮೇಲೆ ಆ ಸೀಟು ಮುಂದಿನ ಸುತ್ತಿಗೆ, ಇನ್ನೊಬ್ಬರಿಗೆ ಹೋಗುತ್ತದೆ. ಹುಡುಗನಿಗೆ ಅಂಕವೂ ಇತ್ತು, ಸೀಟೂ ಬಂದಿತ್ತು, ತಿಳಿಯಲಿಲ್ಲವಷ್ಟೆ. ಆದ್ದರಿಂದ ಊರಿನಲ್ಲಿಯೇ ಇರುವ, ದಿನವೂ ಫೋನ್ ನೋಡುವ ಒಬ್ಬರ ಸಂಖ್ಯೆಯನ್ನು ಕೊಡಬೇಕು. ಅರ್ಜಿಯ ಸಂಖ್ಯೆ ಮತ್ತು ಪಾಸ್‌ವರ್ಡನ್ನು ವಿದ್ಯಾರ್ಥಿಯೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಇನ್ನು ಆಯ್ಕೆಯ ಪಟ್ಟಿ. ಯಾವ ಸಂಸ್ಥೆಯಲ್ಲಿ ಯಾವ ವೃತ್ತಿಗೆ ಎಷ್ಟು ಸೀಟು ಎಂಬ ವಿವರವನ್ನು ನೋಡಿಕೊಂಡು ಆದ್ಯತೆಯ ಕ್ರಮದಲ್ಲಿ ಆಯ್ಕೆಗಳನ್ನು ನಮೂದಿಸಬೇಕು. ಎಲೆಕ್ಟ್ರಿಷಿಯನ್ ವೃತ್ತಿಗೆ ಬೇಡಿಕೆ ಹೆಚ್ಚು; ಅದು ಬೇಗ ತುಂಬುತ್ತದೆ. ತನ್ನ ತಾಲ್ಲೂಕಿನ ಎಲೆಕ್ಟ್ರಿಷಿಯನ್ ಒಂದನ್ನೇ ಬರೆದು ನಿಲ್ಲಿಸಿದ ಸಾಧಾರಣ ಅಂಕದ ಅಭ್ಯರ್ಥಿಗೆ ಏನೂ ಸಿಗದೆ ಹೋಗುವ ಸಾಧ್ಯತೆ ಇದೆ. ಅದೇ ಅಭ್ಯರ್ಥಿ ಪಕ್ಕದ ತಾಲ್ಲೂಕಿನ ಸಂಸ್ಥೆಯನ್ನೂ, ಫಿಟ್ಟರ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್, ವೆಲ್ಡರ್ ವೃತ್ತಿಗಳನ್ನೂ ಕೆಳಗೆ ಬರೆದಿದ್ದರೆ ಏನಾದರೊಂದು ದೊರೆಯುವ ಅವಕಾಶ ಹೆಚ್ಚು. ಪಟ್ಟಿಯ ತಲೆಯಲ್ಲಿ ನಿಜವಾಗಿ ಬೇಕಾದುದಿರಲಿ, ಬುಡದಲ್ಲಿ ಒಪ್ಪಿಕೊಳ್ಳಬಹುದಾದುದಿರಲಿ. ಸಿಕ್ಕರೂ ಸೇರಲಾರೆ ಎಂಬುದನ್ನು ಮಾತ್ರ ಬರೆಯಬಾರದು.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಲಾಗಿದ್ದು, ರೋಬೋಟಿಕ್ಸ್, ಸಿಎನ್‌ಸಿ ಯಂತ್ರಗಾರಿಕೆ, ವಿದ್ಯುತ್ ವಾಹನ ದುರಸ್ತಿಯಂತಹ ಹೊಸ ವೃತ್ತಿಗಳು ಅಲ್ಲಿ ಸೇರ್ಪಡೆಯಾಗಿವೆ. ಹೆಸರು ಅಪರಿಚಿತವೆಂಬ ಕಾರಣಕ್ಕೆ ಇವುಗಳನ್ನು ಬಿಟ್ಟುಬಿಡುವುದು ನಷ್ಟ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಹೊಲಿಗೆ ಮತ್ತು ಕಂಪ್ಯೂಟರ್ ವೃತ್ತಿಗಳು ಮಾತ್ರ ಅವರಿಗೆ ಎಂಬ ನಿಯಮ ಎಲ್ಲಿಯೂ ಇಲ್ಲ. ಎಲ್ಲ ವೃತ್ತಿಗಳೂ ತೆರೆದಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಅವರಿಗೆ ಪ್ರಯಾಣ ಉಚಿತವಾಗಿರುವುದರಿಂದ ಪಕ್ಕದ ತಾಲ್ಲೂಕಿನ ಸಂಸ್ಥೆಯೂ ಖರ್ಚಿನ ದೃಷ್ಟಿಯಿಂದ ದೂರವಲ್ಲ. ತರಗತಿ ಆರಂಭದ ವೇಳೆಗೆ ಸರಿಹೊಂದುವ ಬಸ್ಸು ಇದೆಯೇ ಎಂಬುದೇ ಮುಖ್ಯ ಪ್ರಶ್ನೆ. ಇಲ್ಲದ ಮಾರ್ಗಗಳ ಬಗ್ಗೆ ಪಂಚಾಯಿತಿಯು ಠರಾವು ಮಾಡಿ ಸಾರಿಗೆ ಘಟಕಕ್ಕೆ ಬರೆಯಬಹುದು.

ಸೇರುವ ದಿನ

ಸೀಟು ದೊರೆತವರು ನಿಗದಿತ ಅವಧಿಯೊಳಗೆ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ, ಪ್ರಮಾಣಪತ್ರಗಳು, ಆಧಾರ್, ಭಾವಚಿತ್ರ ಮತ್ತು ಶುಲ್ಕದೊಂದಿಗೆ ಸಂಸ್ಥೆಗೆ ಖುದ್ದಾಗಿ ಹಾಜರಾಗಬೇಕು. ವರ್ಗಾವಣೆ ಪತ್ರವನ್ನು ಅಷ್ಟರಲ್ಲಿ ಪಿಯು ಕಾಲೇಜಿಗೆ ಕೊಟ್ಟಿದ್ದರೆ ಅದನ್ನು ಮರಳಿ ಪಡೆಯಲು ಒಂದೆರಡು ದಿನ ಹಿಡಿಯುತ್ತದೆ ಎಂಬುದನ್ನು ನೆನಪಿಡಬೇಕು. ವಿದ್ಯಾರ್ಥಿನಿಲಯ ಮತ್ತು ವಿದ್ಯಾರ್ಥಿವೇತನಕ್ಕೆ ಪ್ರತ್ಯೇಕ ಆನ್‌ಲೈನ್ ಅರ್ಜಿಗಳಿವೆ. ಪ್ರವೇಶದೊಂದಿಗೆ ಅವು ತಾವಾಗಿಯೇ ಬರುವುದಿಲ್ಲ. ಸೇರಿದ ಮೇಲೆ ಶೇ. 80ರಷ್ಟು ಹಾಜರಾತಿ ಕಡ್ಡಾಯ. ಕೊಯ್ಲಿನ ಕಾಲದಲ್ಲಿ ಮಗನನ್ನು ಹೊಲಕ್ಕೆ ಕರೆಸಿಕೊಳ್ಳುವ ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಉತ್ತಮ.

ಹಣ ಕೊಟ್ಟರೆ ಸರ್ಕಾರಿ ಸೀಟು ಕೊಡಿಸುತ್ತೇನೆ ಎನ್ನುವವರು ಬಂದರೆ ನಂಬಬಾರದು. ಖಾಸಗಿ ಸಂಸ್ಥೆಗೆ ಸೇರಿಸುವವರು, ಆ ಸಂಸ್ಥೆಯ ಆ ನಿರ್ದಿಷ್ಟ ವೃತ್ತಿಗೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ, ಕೊನೆಯಲ್ಲಿ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆಯೇ ಎಂದು ಕೇಳಿ ತಿಳಿಯಬೇಕು. ಸಂಸ್ಥೆಗೆ ಮಾನ್ಯತೆ ಇದ್ದು ವೃತ್ತಿಗೆ ಇಲ್ಲದಿರುವ ಸಂದರ್ಭವೂ ಉಂಟು. ಆ ಪ್ರಮಾಣಪತ್ರ ಇಲ್ಲದೆ ರೈಲ್ವೆಯ ತಾಂತ್ರಿಕ ಹುದ್ದೆಗಳಿಗೆ ಅರ್ಜಿ ಸಲ್ಲಿಸಲು ಬರುವುದಿಲ್ಲ. 1961ರ ಶಿಶಿಕ್ಷು ಅಧಿನಿಯಮದಡಿ ಐಟಿಐ ಮುಗಿಸಿದವರಿಗೆ ಕಾರ್ಖಾನೆ, ಸಾರಿಗೆ ಸಂಸ್ಥೆಗಳಲ್ಲಿ ಸಿಗುವ, ಶಿಷ್ಯವೇತನ ಸಹಿತ ಅಪ್ರೆಂಟಿಸ್ ತರಬೇತಿಗೂ ಅದೇ ಆಧಾರ. ಎರಡು ವರ್ಷದ ವೃತ್ತಿ ಮುಗಿಸಿದವರು ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾದಿಂದ ಎಂಜಿನಿಯರಿಂಗ್‌ಗೆ ದಾರಿಯಿದೆ, ಮತ್ತು ಹೂವಿನಹಡಗಲಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ.

ಪಂಚಾಯಿತಿಯ ಮಟ್ಟದಲ್ಲಿ ಆಗಬೇಕಾದುದು ಇಷ್ಟು. ಪ್ರತಿ ಸದಸ್ಯರು ತಮ್ಮ ವಾರ್ಡಿನಲ್ಲಿ 10ನೇ ತರಗತಿ ಓದುತ್ತಿರುವ ಮಕ್ಕಳ ಪಟ್ಟಿಯನ್ನು ಶಾಲೆಯಿಂದ ಪಡೆದು, ಪ್ರತಿ ಹೆಸರಿನ ಮುಂದೆ ಜಾತಿ ಪ್ರಮಾಣಪತ್ರದ ದಿನಾಂಕ, 371(ಜೆ) ಪ್ರಮಾಣಪತ್ರ ಇದೆಯೇ ಇಲ್ಲವೇ, ಆಧಾರ್ ಹೆಸರು ಹೊಂದುತ್ತದೆಯೇ, ಸಂಪರ್ಕಿಸಬೇಕಾದ ಸಂಖ್ಯೆ ಯಾವುದು ಎಂಬ ನಾಲ್ಕು ಅಂಶಗಳನ್ನು ಬರೆಯಿಸತಕ್ಕದ್ದು. ಹಿಂದಿನ ಎರಡು ವರ್ಷಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿಯೂ ಎಲ್ಲಿಯೂ ಸೇರದೆ ಉಳಿದವರ ಹೆಸರನ್ನೂ ಅದೇ ಪಟ್ಟಿಯ ಕೆಳಗೆ ಸೇರಿಸಬೇಕು. ಅವರೂ ಅರ್ಜಿ ಸಲ್ಲಿಸಲು ಅರ್ಹರು. ಪಟ್ಟಿಯ ಒಂದು ಪ್ರತಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಬಳಿ, ಇನ್ನೊಂದು ಅರಿವು ಕೇಂದ್ರದಲ್ಲಿ ಇರಲಿ.